ಲ್ಯಾಬ್ರಡಾರ್ ನಾಯಿ ತೊಡೆ ಸಂದೀಲಿ ಕೆಂಪಾಗಿದೆ, ನೆಕ್ಕೋದು ನಿಲ್ತಾ ಇಲ್ಲ, ಮಕ್ಕಳ ರ‍್ಯಾಶ್ ಕ್ರೀಮ್ ಹಚ್ಚಬಹುದಾ?

ಚಿನ್ನಿಮನೆ

ಎಲ್ಲರಿಗೂ ನಮಸ್ಕಾರ. ನಮ್ಮ ಚಿನ್ನಿ ಹೆಣ್ಣು ಲ್ಯಾಬ್ರಡಾರ್, ತಿಳಿ ಹಳದಿ ಬಣ್ಣದ್ದು, ಮೂರು ವರ್ಷ ಆಗಿದೆ. ಸ್ವಲ್ಪ ದಿನದಿಂದ ಕೂತಲ್ಲಿ ನಿಂತಲ್ಲಿ ಹಿಂದಿನ ಕಾಲೆತ್ತಿ ನೆಕ್ಕೋದೇ ಕೆಲಸ ಆಗ್ಬಿಟ್ಟಿದೆ, ರಾತ್ರಿ ಎಲ್ಲರೂ ಮಲಗಿದ್ಮೇಲೂ ಮಂಚದ ಕೆಳಗಿಂದ ಚಪ್ ಚಪ್ ಅಂತ ಸದ್ದು ಬರ್ತಾನೇ ಇರುತ್ತೆ. ಟಾರ್ಚ್ ಹಾಕಿ ನೋಡಿದ್ರೆ ತೊಡೆ ಸಂದು ಎರಡೂ ಕಡೆ ಕೆಂಪು, ಉಚ್ಚೆ ಮಾಡೋ ಜಾಗದ ಸುತ್ತ ಇನ್ನೂ ಜಾಸ್ತಿ ಕೆಂಪು, ಅಲ್ಲಿನ ಕೂದಲೆಲ್ಲ ಎಂಜಲು ಹತ್ತಿ ಹತ್ತಿ ಕಂದು ಬಣ್ಣಕ್ಕೆ ತಿರುಗಿದೆ. ಹೊಟ್ಟೆ ಮೇಲೆ ಏನೂ ಇಲ್ಲ. ಊಟ ಸರಿಯಾಗಿ ಮಾಡ್ತಾಳೆ, ಆಟ ಆಡ್ತಾಳೆ, ಮುಟ್ಟೋಕೆ ಹೋದ್ರೆ ಮಾತ್ರ ತಿರುಗಿ ನೋಡಿ ಗುರ್ ಅಂತಾಳೆ, ಇಷ್ಟು ವರ್ಷದಲ್ಲಿ ಯಾವತ್ತೂ ಹಾಗೆ ಮಾಡಿದವಳಲ್ಲ.

ಮನೇಲಿ ಪಾಪುಗೆ ಹಚ್ಚೋ ಡೈಪರ್ ರ‍್ಯಾಶ್ ಕ್ರೀಮ್ ಇದೆ. ಮಗೂಗೇ ಹಚ್ತೀವಿ ಅಂದ್ಮೇಲೆ ನಾಯಿಗೆ ಏನಾಗುತ್ತೆ ಅಂತ ಮನೆಯವರ ವಾದ. ಅಂಥ ಸೂಕ್ಷ್ಮ ಜಾಗ ಆಗಿರೋದ್ರಿಂದ ಯಾರನ್ನಾದ್ರೂ ಕೇಳಿ ಮಾಡೋಣ ಅಂತ ನಾನು ತಡೆದಿದ್ದೀನಿ. ಗೊತ್ತಿರೋರು ಹೇಳಿ ಪ್ಲೀಸ್.

---

ಬಾಲಬಡುಕ

ತಡೆದಿದ್ದು ಒಳ್ಳೇದಾಯ್ತು, ಆ ಟ್ಯೂಬನ್ನ ಎತ್ತಿಡಿ. ಡೈಪರ್ ಕ್ರೀಮುಗಳಲ್ಲಿ ಹೆಚ್ಚಿನವು ಝಿಂಕ್ ಆಕ್ಸೈಡ್ ಇರೋವು. ಮಗು ತನ್ನ ಸೊಂಟದ ಕೆಳಗೆ ನೆಕ್ಕಲ್ಲ, ನಾಯಿ ನೆಕ್ಕುತ್ತೆ, ವ್ಯತ್ಯಾಸ ಅಷ್ಟೇ. ನೀವು ಹಚ್ಚಿ ಕೈ ತೊಳ್ಕೊಂಡು ಬರೋದ್ರೊಳಗೆ ಅದು ಹೊಟ್ಟೆ ಸೇರಿರುತ್ತೆ. ಒಂದು ಸಲ ಸ್ವಲ್ಪ ನೆಕ್ಕಿದ್ರೆ ವಾಂತಿ ಭೇದಿಯಲ್ಲಿ ಮುಗೀಬಹುದು, ದಿನಾ ಹಚ್ಚಿ ದಿನಾ ನೆಕ್ತಾ ಇದ್ರೆ ಅಥವಾ ಟ್ಯೂಬನ್ನೇ ಕಚ್ಚಿ ತಿಂದ್ರೆ ಝಿಂಕ್ ಜಾಸ್ತಿಯಾಗಿ ರಕ್ತದ ಕೆಂಪು ಕಣ ಒಡೆಯೋ ಮಟ್ಟಕ್ಕೂ ಹೋಗಬಹುದು.

ಅದಕ್ಕಿಂತ ಭಯಂಕರವಾದ ಟ್ಯೂಬುಗಳೂ ಮನೇಲಿ ಇರ್ತವೆ, ಹೇಳ್ಬಿಡ್ತೀನಿ ಯಾಕಂದ್ರೆ ಇದನ್ನ ಓದೋ ಬೇರೆಯವರಿಗೂ ಆಗುತ್ತೆ. ಸೋರಿಯಾಸಿಸ್‌ಗೆ ಕೊಡೋ ಕ್ಯಾಲ್ಸಿಪೊಟ್ರಿಯೋಲ್ ಮುಲಾಮು ನಾಯಿ ಹೊಟ್ಟೆಗೆ ಸ್ವಲ್ಪ ಹೋದ್ರೂ ಸಾಕು, ಕ್ಯಾಲ್ಸಿಯಂ ಏರಿ ಕಿಡ್ನಿ ಕೈಕೊಡುತ್ತೆ. ಚರ್ಮದ ಕ್ಯಾನ್ಸರಿಗೆ ಕೊಡೋ ಫ್ಲೋರೋಯುರಾಸಿಲ್ ಕ್ರೀಮು ಅಂತೂ ಫಿಟ್ಸ್ ಬರಿಸಿ ಪ್ರಾಣಾನೇ ತೆಗೆಯುತ್ತೆ. ಮಂಡಿ ನೋವಿಗೆ ಹಚ್ಚೋ ಡೈಕ್ಲೋಫೆನಾಕ್ ಜೆಲ್, ಟೀ ಟ್ರೀ ಎಣ್ಣೆ, ಇವೂ ಬೇಡ. ಗಾಯ ಅಂತ ಸ್ಪಿರಿಟ್ಟೋ ಹೈಡ್ರೋಜನ್ ಪೆರಾಕ್ಸೈಡೋ ಸುರೀಬೇಡಿ, ಸಿಪ್ಪೆ ಎದ್ದಿರೋ ಚರ್ಮಕ್ಕೆ ಬೆಂಕಿ ಇಟ್ಟಂಗಾಗುತ್ತೆ, ವಾಸಿಯಾಗ್ತಾ ಇರೋ ಜೀವಕೋಶಾನೂ ಸಾಯುತ್ತೆ.

ಇನ್ನು ಕೆಲವು ಪ್ರಶ್ನೆ. ಮರಿ ಆಗದಂಗೆ ಮಾಡೋ ಆಪರೇಷನ್ ಆಗಿದ್ಯಾ ಇಲ್ವಾ? ದಪ್ಪ ಇದ್ದಾಳಾ? ವಾಸನೆ ಹೇಗಿದೆ? ಪದೇ ಪದೇ ಉಚ್ಚೆಗೆ ಹೋಗ್ತಾಳಾ? ಪಾದ, ಕಿವಿ, ಕಂಕುಳು ಕೆರ್ಕೋತಾಳಾ? ಮನೇಲಿ ಇರೋ ಯಾರಿಗಾದ್ರೂ ಮೈ ಕಡಿತ ಶುರುವಾಗಿದ್ಯಾ? ಕೊನೇ ಪ್ರಶ್ನೆ ತಮಾಷೆ ಅಲ್ಲ, ನಾಯಿ ಕಜ್ಜಿ ಮನುಷ್ಯರಿಗೂ ತಾತ್ಕಾಲಿಕವಾಗಿ ಹತ್ತುತ್ತೆ.

---

ರೂಬಿಅಮ್ಮ

ನಮ್ಮ ಗಂಡು ನಾಯಿಗೆ ಇದೇ ಥರ ಆಗಿತ್ತು, ಅವನಿಗೆ ಬೀಜದ ಚೀಲದ ಮೇಲೆ. ಅಲ್ಲಿ ಚರ್ಮ ಎಷ್ಟು ತೆಳು ಅಂದ್ರೆ ಕೆಂಪಾದ್ರೆ ಹಸಿ ಮಾಂಸ ಕಂಡಂಗೆ ಕಾಣುತ್ತೆ. ಔಷಧಿ ಹುಡುಕೋಕೆ ಮುಂಚೆ ಡಾಕ್ಟ್ರು ಕೇಳಿದ್ದು ನೆಲ ಏನ್ ಹಾಕಿ ಒರೆಸ್ತೀರಾ ಅಂತ. ಫಿನಾಯಿಲ್ ಹಾಕಿ ಒರೆಸಿದ ನೆಲ ಒಣಗೋಕೆ ಮುಂಚೆ ಇವನು ತಂಪಾಗಿದೆ ಅಂತ ಹೊಟ್ಟೆ ಕೆಳಗೆ ಮಾಡಿ ಕಾಲು ಚಾಚ್ಕೊಂಡು ಮಲಗ್ತಿದ್ದ. ಕೂದಲಿಲ್ಲದ ಜಾಗ ಎಲ್ಲೆಲ್ಲಿ ನೆಲಕ್ಕೆ ತಾಗುತ್ತೋ ಅಲ್ಲಲ್ಲೇ ಕೆಂಪು, ಒಂದು ಇಂಚು ಆಚೆ ಕೂದಲಿರೋ ಕಡೆ ಏನೂ ಇಲ್ಲ. ಬರೀ ನೀರಲ್ಲಿ ಒರೆಸೋಕೆ ಶುರು ಮಾಡಿ, ನೆಕ್ಕದ ಹಾಗೆ ಕತ್ತಿಗೆ ಕಟ್ಟೋ ಕೋನ್ ಹಾಕಿದ್ಮೇಲೆ ಕಡಿಮೆ ಆಯ್ತು.

ನಿಮ್ಮ ಚಿನ್ನಿಗೆ ಹೊಟ್ಟೆ ಮೇಲೆ ಏನೂ ಇಲ್ಲ ಅಂತೀರಲ್ಲ, ಹಾಗಾಗಿ ನೆಲದ್ದೇ ಅಂತ ನಾನು ಹೇಳಲ್ಲ. ಆದ್ರೂ ನೋಡಿ. ಅವಳ ಹಾಸಿಗೆ ಬಟ್ಟೆ ಒಗೆಯೋ ಸೋಪೂ ನೋಡಿ, ಘಮ ಘಮ ಅನ್ನೋ ಲಿಕ್ವಿಡ್ ಹಾಕೋದು ಬಿಟ್ಟು ಎರಡು ಸಲ ಚೆನ್ನಾಗಿ ಜಾಲಿಸಿ. ಮಗು ಒರೆಸೋ ವೈಪ್ಸಲ್ಲಿ ಒರೆಸ್ತಾ ಇದ್ರೆ ಅದೂ ಬೇಡ, ಅದರಲ್ಲಿರೋ ಸೆಂಟೇ ಉರಿ ಬರಿಸುತ್ತೆ.

---

ಚಿನ್ನಿಮನೆ

ಇಷ್ಟು ಬೇಗ ಉತ್ತರ ಬರುತ್ತೆ ಅನ್ಕೊಂಡಿರ್ಲಿಲ್ಲ, ಥ್ಯಾಂಕ್ಸ್. ಬಾಲಬಡುಕ ಸರ್ ಕೇಳಿದ್ದಕ್ಕೆ: ಆಪರೇಷನ್ ಆಗಿದೆ, ಮೊದಲ ಬೆದೆ ಬರೋಕೆ ಮುಂಚೇನೇ ಮಾಡಿಸಿದ್ವಿ. ದಪ್ಪ ಹೌದು, ಸೊಂಟ ಅನ್ನೋದೇ ಕಾಣಲ್ಲ, ಮೇಲಿಂದ ನೋಡಿದ್ರೆ ಟೇಬಲ್ ಥರ ಇದ್ದಾಳೆ ಅಂತ ಮಕ್ಕಳು ನಗ್ತಾರೆ. ವಾಸನೆ ಇದೆ, ಕಮಟು ಕಮಟು, ಹಳೇ ಎಣ್ಣೆ ಥರ. ಉಚ್ಚೆ ಮಾಮೂಲಿ ಅನ್ಸುತ್ತೆ, ಸರಿಯಾಗಿ ಗಮನಿಸಿಲ್ಲ. ಪಾದ ಆಗಾಗ ನೆಕ್ತಾಳೆ, ಕಿವಿ ಚೆನ್ನಾಗಿದೆ. ನಮ್ಮ್ಯಾರಿಗೂ ಕಡಿತ ಇಲ್ಲ. ನೆಲಕ್ಕೆ ಬರೀ ನೀರೇ ಹಾಕೋದು.

ಇವತ್ತು ಒಬ್ಬರು ಹಿಡ್ಕೊಂಡು ಒಬ್ಬರು ನೋಡಿದ್ವಿ. ಉಚ್ಚೆ ಜಾಗದ ಮೇಲೆ ಚರ್ಮ ಟೋಪಿ ಥರ ಮಡಚಿ ಮುಚ್ಕೊಂಡಿದೆ, ಅದನ್ನ ಮೇಲಕ್ಕೆತ್ತಿದ್ರೆ ಒಳಗೆ ಕೆಂಪಗೆ, ಒದ್ದೆ, ಕಂದು ಬಣ್ಣದ ಜಿಡ್ಡು ಮೆತ್ಕೊಂಡಿದೆ. ಆ ಮಡಿಕೆ ಅಂಚಲ್ಲಿ ಚರ್ಮ ಕಪ್ಪಾಗಿ ದಪ್ಪ ಆಗಿದೆ. ಇದು ಹಳೇದೇ ಇರಬೇಕು ಅನ್ಸುತ್ತೆ.

---

ಕ್ಲಿನಿಕ್‌ಹುಡುಗಿ

ನಾನು ಪಶುವೈದ್ಯರ ಹತ್ರ ಅಸಿಸ್ಟೆಂಟ್ ಆಗಿ ಕೆಲಸ ಮಾಡ್ತೀನಿ, ಡಾಕ್ಟರ್ ಅಲ್ಲ, ಅದನ್ನ ಮೊದಲೇ ಹೇಳ್ತೀನಿ. ನೀವು ಬರೆದಿರೋ ಟೋಪಿ ಥರದ ಮಡಿಕೆ, ಜಿಡ್ಡು, ಕಮಟು ವಾಸನೆ, ಕಪ್ಪಾಗಿರೋ ಚರ್ಮ, ಇದೆಲ್ಲ ಒಟ್ಟಿಗೆ ನೋಡಿದ್ರೆ ಮಡಿಕೆ ಡರ್ಮಟೈಟಿಸ್, ಅಂದ್ರೆ ಚರ್ಮದ ಮಡಿಕೆಯೊಳಗಿನ ಉರಿಯೂತ ಇರೋ ಸಾಧ್ಯತೆ ತುಂಬಾ ಇದೆ. ಬೆದೆ ಬರೋಕೆ ಮುಂಚೆ ಆಪರೇಷನ್ ಆದ ಕೆಲವು ಹೆಣ್ಣು ನಾಯಿಗಳಲ್ಲಿ ಆ ಜಾಗ ಚಿಕ್ಕದಾಗೇ ಉಳಿದು ಒಳಕ್ಕೆ ಹೋಗಿರುತ್ತೆ, ಮೇಲೆ ಬೊಜ್ಜು ಬೆಳೆದ್ರೆ ಚರ್ಮ ಬಂದು ಮುಚ್ಚುತ್ತೆ. ಒಳಗೆ ಗಾಳಿ ಇಲ್ಲ, ಉಚ್ಚೆ ಹನಿ ನಿಲ್ಲುತ್ತೆ, ಚರ್ಮಕ್ಕೆ ಚರ್ಮ ಉಜ್ಜುತ್ತೆ, ಮೇಲಿಂದ ನಾಲಿಗೆ ಬೇರೆ ಒದ್ದೆ ಮಾಡ್ತಾನೇ ಇರುತ್ತೆ. ಮಲಸೀಝಿಯಾ ಅನ್ನೋ ಯೀಸ್ಟು, ಸ್ಟೆಫಿಲೋಕಾಕಸ್ ಬ್ಯಾಕ್ಟೀರಿಯಾ ಇವು ಆರೋಗ್ಯವಾಗಿರೋ ನಾಯಿ ಮೈ ಮೇಲೂ ಇರ್ತವೆ, ಬಿಸಿಯಾಗಿ ಒದ್ದೆಯಾಗಿ ಇರೋ ಇಂಥ ಕಡೆ ಮಿತಿ ಮೀರಿ ಬೆಳೀತವೆ. ಕಮಟು ವಾಸನೆ ಜಿಡ್ಡು ಸಾಮಾನ್ಯವಾಗಿ ಯೀಸ್ಟಿನದ್ದು, ಕಪ್ಪಾಗಿ ದಪ್ಪ ಆಗಿರೋದು ತುಂಬಾ ದಿನದಿಂದ ನಡೀತಿದೆ ಅನ್ನೋದಕ್ಕೆ ಗುರುತು.

ಅಂದ್ರೆ ಇಲ್ಲಿ ಯಾವ ಕ್ರೀಮು ಅನ್ನೋ ಪ್ರಶ್ನೆ ಆಮೇಲಿಂದು. ಮಡಿಕೆಯೊಳಗೆ ಯಾವ ಜಿಡ್ಡು ಮುಲಾಮು ತುಂಬಿದ್ರೂ ತೇವ ಅಲ್ಲೇ ಕೂರುತ್ತೆ. ಪೌಡರ್ ಹಾಕಿ ಒಣಗಿಸ್ತೀನಿ ಅನ್ನೋರು ಇದ್ದಾರೆ, ಅದು ತೇವ ಹೀರಿ ಮುದ್ದೆಯಾಗಿ ಒಳಗೇ ಉಜ್ಜುತ್ತೆ. ಬೇಕಾಗಿರೋದು ಒಣಗಿರೋದು, ನಾಲಿಗೆ ತಾಗದೇ ಇರೋದು.

ಡಾಕ್ಟರ್ ಹತ್ರ ಹೋಗೋ ತನಕ ಮನೇಲಿ ಇಷ್ಟು ಮಾಡಿ. 1 ಲೀಟರ್ ನೀರು ಕುದಿಸಿ 9 ಗ್ರಾಂ ಉಪ್ಪು ಹಾಕಿ ಪೂರ್ತಿ ಆರೋಕೆ ಬಿಡಿ. ಮೆತ್ತಗಿರೋ ಹತ್ತಿ ಬಟ್ಟೆ ಅದರಲ್ಲಿ ಅದ್ದಿ ಮಡಿಕೆ ಮೇಲೆತ್ತಿ ಒತ್ತಿ ಹಿಡೀರಿ, ಜಿಡ್ಡು ನೆನೆದು ತಾನೇ ಬಿಡುತ್ತೆ, ಉಜ್ಜಬೇಡಿ. ಮುಂದಗಡೆಯಿಂದ ಹಿಂದಕ್ಕೆ ಒರೆಸಿ, ಮಲದ ಕಡೆ ತಾಗಿದ ಬಟ್ಟೆ ತಿರುಗಿ ಮುಂದಕ್ಕೆ ತರಬೇಡಿ. ಯೋನಿ ಒಳಗೆ ಏನೂ ಹಾಕಬೇಡಿ, ಹೊರಗಿನ ಚರ್ಮ ಮಾತ್ರ. ಆಮೇಲೆ ಒಣ ಬಟ್ಟೆಯಲ್ಲಿ ಒತ್ತಿ ಒತ್ತಿ ತೇವ ತೆಗೀರಿ, ಹೆದರಲ್ಲ ಅಂದ್ರೆ ಹೇರ್ ಡ್ರೈಯರ್ ಕೂಲ್‌ನಲ್ಲಿಟ್ಟು ದೂರದಿಂದ ಗಾಳಿ ಬಿಡಿ. ಇದನ್ನ ದಿನಕ್ಕೆ ಒಂದೆರಡು ಸಲ, ಜಾಸ್ತಿ ಬೇಡ. ಅಲ್ಲಿ ಕೂದಲು ಬೋಳಿಸೋಕೆ ರೇಜರ್ ತಗೋಬೇಡಿ ದಯವಿಟ್ಟು, ಆ ಚರ್ಮ ಸುಕ್ಕು ಸುಕ್ಕು ಇರುತ್ತೆ, ಕುಯ್ದುಬಿಡುತ್ತೆ.

ಡಾಕ್ಟರ್ ಹತ್ರ ಹೋಗೋ ದಿನ ಬೆಳಿಗ್ಗೆ ಮಾತ್ರ ತೊಳೀಬೇಡಿ, ಸ್ನಾನಾನೂ ಬೇಡ. ಅವರು ಟೇಪ್ ಅಂಟಿಸಿ ಅಥವಾ ಹತ್ತಿ ಕಡ್ಡಿ ಆಡಿಸಿ ಸ್ಯಾಂಪಲ್ ತಗೊಂಡು ಗಾಜಿನ ಸ್ಲೈಡಿಗೆ ಬಣ್ಣ ಹಾಕಿ ಮೈಕ್ರೋಸ್ಕೋಪಲ್ಲಿ ನೋಡ್ತಾರೆ, ನೀವು ಫಳಫಳ ಅನ್ನೋ ಹಾಗೆ ತೊಳೆದು ತಂದ್ರೆ ನೋಡೋಕೆ ಏನೂ ಸಿಗಲ್ಲ. ಯೀಸ್ಟು ಕಂಡ್ರೆ ಒಂದು ಔಷಧಿ, ಬ್ಯಾಕ್ಟೀರಿಯಾ ಕಂಡ್ರೆ ಇನ್ನೊಂದು, ಎರಡೂ ಇರೋದೂ ಉಂಟು. ಉಚ್ಚೆ ಸ್ಯಾಂಪಲ್ಲೂ ತಗೊಂಡೋಗಿ, ಮಡಿಕೆ ಹೀಗಿರೋ ನಾಯಿಗಳಿಗೆ ಮೂತ್ರದ ಇನ್ಫೆಕ್ಷನ್ ಜೊತೆ ಜೊತೆಗೆ ಬರುತ್ತೆ. ಚಪ್ಪಟೆ ತಟ್ಟೆ ಕೈಯಲ್ಲಿ ಹಿಡ್ಕೊಂಡು ಅವಳು ಉಚ್ಚೆಗೆ ಕೂತ್ಕೊಳ್ಳೋವಾಗ ಅದನ್ನ ಹಿಂದಿನಿಂದ ಕೆಳಗೆ ತಳ್ಳಿ, ಮೊದಲ ಧಾರೆ ಬಿಟ್ಟು ಮಧ್ಯದ್ದು ಹಿಡೀರಿ.

---

ಮೂರುನಾಯಿಗುರು

ಇದೆಲ್ಲ ಸುತ್ತಿ ಬಳಸಿ ಅಲರ್ಜಿನೇ ಕಣ್ರೀ. ನಾಯಿ ನೆಕ್ತಾ ಇದೆ ಅಂದ್ರೆ ಊಟದ್ದು. ಚಿಕನ್ ನಿಲ್ಸಿ, ಧಾನ್ಯ ನಿಲ್ಸಿ, ಒಂದು ವಾರದಲ್ಲಿ ಸರಿ ಹೋಗುತ್ತೆ. ಆಗಲಿಲ್ಲ ಅಂದ್ರೆ ಬೆಟಾಮೆಥಾಸೋನ್ ಅನ್ನೋ ಸ್ಟೀರಾಯ್ಡ್ ಇರೋ ಮೂರು ಔಷಧಿ ಮಿಕ್ಸ್ ಕ್ರೀಮ್ ಸಿಗುತ್ತಲ್ಲ ಅದನ್ನ ಎರಡು ದಿನ ಹಚ್ಚಿ, ನಾನು ಎಷ್ಟೋ ಸಲ ಹಚ್ಚಿದ್ದೀನಿ ಕೆಂಪು ಮಾಯ ಆಗುತ್ತೆ. ಪ್ರತಿಯೊಂದಕ್ಕೂ ಕ್ಲಿನಿಕ್ಕಿಗೆ ಓಡೋದು ಯಾಕೆ.

---

ಕ್ಲಿನಿಕ್‌ಹುಡುಗಿ

ಅಣ್ಣಾ, ಮಾಯ ಆಗುತ್ತೆ ನಿಜ, ವಾಪಸ್ಸೂ ಬರುತ್ತಲ್ಲ. ಸ್ಟೀರಾಯ್ಡು ಕೆಂಪನ್ನ ಅಡಗಿಸುತ್ತೆ, ಕೆಳಗಿರೋ ಇನ್ಫೆಕ್ಷನ್ನು ಅಷ್ಟರಲ್ಲಿ ಬೆಳ್ಕೊಂಡಿರುತ್ತೆ. ನಾಯಿ ಚರ್ಮದ ಮೇಲ್ಪದರ ಮೂರರಿಂದ ಐದು ಜೀವಕೋಶ ಸಾಲು ಅಷ್ಟೇ, ನಮ್ಮದು ಹತ್ತು ಹದಿನೈದು. ತೊಡೆ ಸಂದೀಲಂತೂ ಇನ್ನೂ ನಾಜೂಕು, ಬೆಟಾಮೆಥಾಸೋನ್ ಥರ ಜೋರಾಗಿರೋದನ್ನ ತಿಂಗಳುಗಟ್ಟಲೆ ಬಿಟ್ಟು ಬಿಟ್ಟು ಹಚ್ತಾ ಹೋದ್ರೆ ಚರ್ಮ ಕಾಗದ ಆಗುತ್ತೆ, ಒಳಗಿನ ರಕ್ತನಾಳ ಕಾಣ್ಸೋಕೆ ಶುರು ಆಗುತ್ತೆ. ಡಾಕ್ಟರ್ ನೋಡಿ ಇಂತಿಷ್ಟು ದಿನ ಅಂತ ಬರೆದುಕೊಟ್ರೆ ಸರಿ, ಅವರೂ ಸ್ಟೀರಾಯ್ಡ್ ಬಳಸ್ತಾರೆ.

ಅಲರ್ಜಿ ಮಾತು ಮಾತ್ರ ಪೂರ್ತಿ ತಪ್ಪಲ್ಲ, ಪಾದ ನೆಕ್ತಾಳೆ ಅಂತ ಅವರು ಬರೆದಿದ್ದಾರೆ. ಪಾದ, ಕಂಕುಳು, ತೊಡೆ ಸಂದು, ಕಿವಿ, ಮುಖ ಇವು ಅಲರ್ಜಿ ನಾಯಿಗಳು ಕೆರ್ಕೊಳ್ಳೋ ಜಾಗಗಳೇ, ಗಾಳಿ ಧೂಳಿನ ಅಲರ್ಜಿ ಹೆಚ್ಚಾಗಿ ಆರು ತಿಂಗಳಿಂದ ಮೂರು ವರ್ಷದೊಳಗೆ ಶುರುವಾಗುತ್ತೆ. ಆದ್ರೆ ಒಂದು ವಾರ ಚಿಕನ್ ನಿಲ್ಸಿ ಏನೂ ಗೊತ್ತಾಗಲ್ಲ. ಊಟದ ಅಲರ್ಜಿ ಪರೀಕ್ಷೆ ಅಂದ್ರೆ ಅದು ಇದುವರೆಗೂ ತಿಂದೇ ಇರದ ಒಂದೇ ಒಂದು ಪ್ರೋಟೀನು, ಇಲ್ಲಾಂದ್ರೆ ಪ್ರೋಟೀನನ್ನ ತೀರಾ ಸಣ್ಣ ತುಂಡು ಮಾಡಿರೋ ಹೈಡ್ರೊಲೈಸ್ಡ್ ಆಹಾರ, ಕನಿಷ್ಠ ಎಂಟು ವಾರ. ಆ ಎಂಟು ವಾರ ಬಿಸ್ಕೆಟ್ ಇಲ್ಲ, ಟೇಬಲ್ ಕೆಳಗೆ ಮಗು ಬೀಳಿಸೋ ತುತ್ತು ಇಲ್ಲ, ರುಚಿ ಹಾಕಿರೋ ಹುಳದ ಮಾತ್ರೇನೂ ಇಲ್ಲ. ಆಮೇಲೆ ಹಳೇ ಊಟ ಮತ್ತೆ ಕೊಟ್ಟು ನವೆ ವಾಪಸ್ ಬರುತ್ತಾ ನೋಡಬೇಕು, ಬಂದ್ರೇನೇ ಊಟದ್ದು ಅಂತ. ಊಟದ ಅಲರ್ಜಿ ಕಂಡುಹಿಡೀತೀವಿ ಅನ್ನೋ ರಕ್ತ ಪರೀಕ್ಷೆಗಳನ್ನ ನಂಬೋ ಹಾಗಿಲ್ಲ.

---

ಹಳೇಬೂಟು

ಯಾರೂ ಹೇಳದೇ ಇರೋ ಎರಡು ಮಾತು. ಒಂದು ಚಿಗಟ. ಬಾಲದ ಬುಡ, ತೊಡೆ ಒಳಭಾಗ ಇವೆರಡು ಕಡೆ ಕಚ್ಕೊಳ್ತಾ ಇದ್ರೆ ಮೊದಲು ಅದನ್ನೇ ಅನುಮಾನಿಸಬೇಕು, ಚಿಗಟದ ಎಂಜಲಿಗೆ ಅಲರ್ಜಿ ಇರೋ ನಾಯಿಗೆ ನಾಲ್ಕು ಚಿಗಟ ಕಚ್ಚಿದ್ರೂ ಸಾಕು, ನಿಮಗೆ ಹುಡುಕಿದ್ರೆ ಒಂದೂ ಸಿಗಲ್ಲ. ಸಣ್ಣ ಹಲ್ಲಿನ ಬಾಚಣಿಗೇಲಿ ಬಾಲದ ಬುಡ ಬಾಚಿ, ಬಂದ ಕಪ್ಪು ಪುಡೀನ ಒದ್ದೆ ಮಾಡಿದ ಬಿಳಿ ಟಿಶ್ಯೂ ಮೇಲೆ ಉದುರಿಸಿ. ಮಣ್ಣಾದ್ರೆ ಮಣ್ಣಿನ ಬಣ್ಣವೇ ಇರುತ್ತೆ, ಚಿಗಟದ ಹೇಲಾದ್ರೆ ಸುತ್ತ ತುಕ್ಕು ಕೆಂಪು ಹರಡುತ್ತೆ, ಯಾಕಂದ್ರೆ ಅದು ಜೀರ್ಣವಾದ ರಕ್ತ. ಮನೇಲಿ ಬೆಕ್ಕು ಇದ್ರೆ ನಾಯಿಗೆ ಪರ್ಮೆಥ್ರಿನ್ ಇರೋ ಚಿಗಟದ ಔಷಧಿ ಹಾಕೋಕೆ ಮುಂಚೆ ಡಾಕ್ಟರನ್ನ ಕೇಳಿ, ಬೆಕ್ಕಿಗೆ ಅದು ವಿಷ.

ಎರಡನೇದು ಗುದದ ಪಕ್ಕದ ಚೀಲಗಳು. ಗಡಿಯಾರದ ಮುಖ ಅನ್ಕೊಂಡ್ರೆ ನಾಲ್ಕು ಗಂಟೆ ಎಂಟು ಗಂಟೆ ಇರೋ ಕಡೆ ಒಳಗೆ ಎರಡು ಪುಟ್ಟ ಚೀಲ. ತುಂಬಿ ಕಟ್ಕೊಂಡ್ರೆ ನಾಯಿ ಕುಂಡಿ ನೆಲಕ್ಕೆ ಉಜ್ಕೊಂಡು ಜಾರುತ್ತೆ, ಹಿಂದೆಲ್ಲ ನೆಕ್ಕುತ್ತೆ, ಕೊಳೆತ ಮೀನಿನ ವಾಸನೆ ಬರುತ್ತೆ. ಚಿನ್ನಿದು ಕಮಟು ವಾಸನೆ ಅಂದಿದ್ದೀರಿ, ಆದ್ರೂ ಡಾಕ್ಟರ್ ಹೇಗೂ ನೋಡ್ತಾರೆ, ಇದನ್ನೂ ಮುಟ್ಟಿ ನೋಡಿ ಅನ್ನಿ. ತೊಂದ್ರೆ ಇಲ್ಲದ ನಾಯಿಗೆ ಪ್ರತೀ ಸ್ನಾನದಲ್ಲೂ ಅದನ್ನ ಹಿಂಡೋ ಅಭ್ಯಾಸ ಕೆಲವರಿಗಿದೆ, ಸುಮ್ನೆ ಇರೋದನ್ನ ಕೆಣಕಿದಂಗೆ.

---

ಬಾಲಬಡುಕ

ಚಿನ್ನಿಗೆ ಆಪರೇಷನ್ ಆಗಿರೋದ್ರಿಂದ ಅವಳಿಗೆ ಸಂಬಂಧ ಇಲ್ಲ, ಆದ್ರೆ ಆಪರೇಷನ್ ಆಗದ ಹೆಣ್ಣು ನಾಯಿ ಇರೋರು ಇದನ್ನ ಓದ್ತಾ ಇದ್ರೆ: ಬೆದೆ ಮುಗಿದು ಒಂದೆರಡು ತಿಂಗಳೊಳಗೆ ಅಲ್ಲಿ ನೆಕ್ಕೋದು ಜಾಸ್ತಿಯಾಗಿ, ಕೀವು ಥರ ಏನಾದ್ರೂ ಬಂದು, ನೀರು ವಿಪರೀತ ಕುಡಿದು ಊಟ ಬಿಟ್ಟು ಮಂಕಾಗಿದ್ರೆ ಅದು ಚರ್ಮದ ಸಮಸ್ಯೆ ಅಂತ ಕೂರಬೇಡಿ, ಗರ್ಭಕೋಶದಲ್ಲಿ ಕೀವು ತುಂಬೋ ಪಯೊಮೆಟ್ರಾ ಇರಬಹುದು, ಅದೇ ದಿನ ಹೋಗಿ. ಕೀವು ಹೊರಗೆ ಬರದೇ ಒಳಗೇ ನಿಂತಿರೋದು ಇನ್ನೂ ಅಪಾಯ. ಗಂಡು ನಾಯೀಲಿ ತುದೀಲಿ ಒಂಚೂರು ಹಳದಿ ಲೋಳೆ ಇರೋದು ಮಾಮೂಲಿ, ಆದ್ರೆ ಶಿಶ್ನ ಹೊರಗೆ ಬಂದು ವಾಪಸ್ ಒಳಗೆ ಹೋಗದೇ ಊದ್ಕೊಂಡ್ರೆ ಅದೂ ಎಮರ್ಜೆನ್ಸಿ.

---

ಚಿನ್ನಿಮನೆ

ಟಿಶ್ಯೂ ಪರೀಕ್ಷೆ ಮಾಡಿದೆ, ಕೆಂಪು ಬರ್ಲಿಲ್ಲ. ಡಾಕ್ಟರ್ ಹತ್ರ ಹೋಗಿ ಬಂದ್ವಿ, ಟೇಪ್ ಅಂಟಿಸಿ ನೋಡಿ ಯೀಸ್ಟ್ ಜಾಸ್ತಿ ಇದೆ ಬ್ಯಾಕ್ಟೀರಿಯಾ ಸ್ವಲ್ಪ ಅಂದ್ರು. ಉಚ್ಚೇಲಿ ಇನ್ಫೆಕ್ಷನ್ ಇಲ್ಲ, ಚೀಲಗಳೂ ಸರಿ ಇವೆ. ಕ್ಲೋರ್‌ಹೆಕ್ಸಿಡಿನ್ 2% ಮೈಕೊನಝೋಲ್ 2% ಇರೋ, ಬ್ಯಾಕ್ಟೀರಿಯಾ ಯೀಸ್ಟು ಎರಡನ್ನೂ ಕೊಲ್ಲೋ ಶಾಂಪೂ ವಾರಕ್ಕೆ ಎರಡು ಸಲ, ತೂಕ ಇಳಿಸ್ಬೇಕು, ಪಾದ ನೆಕ್ಕೋದು ನಿಲ್ಲದಿದ್ರೆ ಅಲರ್ಜಿ ಕಡೆ ಆಮೇಲೆ ನೋಡೋಣ ಅಂದ್ರು. ತೂಕ ಇಳಿದ್ಮೇಲೂ ಪದೇ ಪದೇ ಬರ್ತಾ ಇದ್ರೆ ಆ ಹೆಚ್ಚಿನ ಚರ್ಮ ತೆಗೆಯೋ ಆಪರೇಷನ್ ಇದೆಯಂತೆ, ಈಗಲೇ ಬೇಡ ಅಂದ್ರು.

ಈಗ ತಲೆನೋವು ಕೋನ್‌ದು. ಹಾಕಿದ ಕೂಡ್ಲೇ ವಿಗ್ರಹದ ಥರ ನಿಂತುಬಿಡ್ತಾಳೆ, ಇಲ್ಲಾಂದ್ರೆ ಬಾಗಿಲಿಗೆಲ್ಲ ಢಿಕ್ಕಿ. ಅದರ ಬದಲು ಗಾಳಿ ತುಂಬೋ ರಿಂಗ್ ಹಾಕಬಹುದಾ? ಚಡ್ಡಿ ಹಾಕಿದ್ರೆ? ಇನ್ನೊಂದು, ಶಾಂಪೂ ಹತ್ತು ನಿಮಿಷ ಬಿಡಿ ಅಂದಿದ್ದಾರೆ, ಇವಳು ಎರಡು ನಿಮಿಷ ನಿಲ್ಲಲ್ಲ.

---

ರೂಬಿಅಮ್ಮ

ರಿಂಗ್ ಹಾಕ್ಕೊಂಡ್ರೂ ಲ್ಯಾಬ್‌ಗೆ ಹಿಂದಿನ ಭಾಗ ಆರಾಮಾಗಿ ಎಟುಕುತ್ತೆ, ಕತ್ತು ಉದ್ದ ಇರೋ ನಾಯಿಗಳಿಗೆ ಅದು ಉಪಯೋಗ ಇಲ್ಲ. ಚಡ್ಡಿ ಹಾಕಿದ್ರೆ ಈಗಾಗ್ಲೇ ಗಾಳಿ ಇಲ್ಲದ ಜಾಗಕ್ಕೆ ಇನ್ನೂ ಬೇಗೆ. ಕೋನ್ ಮೂತಿ ತುದಿಗಿಂತ ಎರಡು ಬೆರಳು ಮುಂದೆ ಚಾಚಿರಬೇಕು, ಕತ್ತಿನ ಹತ್ರ ಎರಡು ಬೆರಳು ತೂರಬೇಕು. ಗಡಸು ಪ್ಲಾಸ್ಟಿಕ್ ಬೇಡ ಅನ್ಸಿದ್ರೆ ಬಟ್ಟೆ ಹೊದಿಸಿರೋ ಮೆತ್ತನೆ ಕೋನ್ ನೋಡಿ, ಆದ್ರೆ ಬಗ್ಗಿಸಿ ನೆಕ್ತಾಳಾ ಅಂತ ಮೊದಲ ರಾತ್ರಿ ಗಮನಿಸಿ. ಹಾಕಿದ ತಕ್ಷಣ ಅದರೊಳಗೇ ಊಟ ಕೊಡಿ, ತಟ್ಟೆ ಸ್ವಲ್ಪ ಎತ್ತರದಲ್ಲಿ ಇಡಿ. ನೀವು ಕಣ್ಣಿಟ್ಟು ಕೂತಿರೋವಾಗ ಬಿಚ್ಚಿ, ಮಲಗೋವಾಗ ಮನೇಲಿ ಯಾರೂ ಇಲ್ಲದಾಗ ಹಾಕಿ.

---

ಕ್ಲಿನಿಕ್‌ಹುಡುಗಿ

ಹತ್ತು ನಿಮಿಷ ಬಿಡದೇ ತೊಳೆದ್ರೆ ಔಷಧಿಗೆ ಕೆಲಸ ಮಾಡೋಕೆ ಟೈಮೇ ಸಿಗಲ್ಲ, ಅದಂತೂ ಮುಖ್ಯ. ಪೂರ್ತಿ ಮೈ ಸ್ನಾನ ಬೇಕಾ ಅಥವಾ ಹಿಂಭಾಗ ಪಾದ ಮಾತ್ರ ಸಾಕಾ ಅಂತ ಡಾಕ್ಟರಿಗೆ ಫೋನ್ ಮಾಡಿ ಕೇಳಿ, ಅಷ್ಟೇ ಸಾಕು ಅಂದ್ರೆ ಕೆಲಸ ಹಗುರ ಆಗುತ್ತೆ. ಶಾಂಪೂ ಹಚ್ಚಿ ಬಚ್ಚಲಲ್ಲೇ ಹಿಡ್ಕೊಂಡು ನಿಲ್ಲೋ ಬದಲು ಕಾಲರಿಗೆ ಪಟ್ಟಿ ಹಾಕಿ ಒಬ್ಬರು ಮುಂದೆ ಕೂತು ಅವಳ ದಿನದ ಊಟದಲ್ಲೇ ಸ್ವಲ್ಪ ಎತ್ತಿಟ್ಟಿದ್ದನ್ನ ಒಂದೊಂದೇ ಕಾಳು ತಿನ್ನಿಸಿ, ತೂಕ ಇಳಿಸ್ಬೇಕಲ್ಲ, ಹೊಸದಾಗಿ ಬಿಸ್ಕೆಟ್ ಬೇಡ. ನೊರೆ ನೆಕ್ಕೋಕೆ ಬಿಡಬೇಡಿ, ಕಣ್ಣಿಗೆ ಹೋಗಬಾರದು ಕ್ಲೋರ್‌ಹೆಕ್ಸಿಡಿನ್. ನೀರು ಬಿಸಿ ಬೇಡ, ಉಗುರು ಬೆಚ್ಚಗೂ ಬೇಡ, ತಣ್ಣಗಿದ್ರೆ ನವೆ ಶಮನ ಆಗುತ್ತೆ. ಮಡಿಕೆ ಎತ್ತಿ ಶಾಂಪೂ ಒಂದು ಚೂರೂ ಉಳೀದೇ ಇರೋ ಹಾಗೆ ತೊಳೆದು ಒಣಗಿಸಿ.

ಕೆಂಪು ಇಳಿದಿದೆ ಅಂತ ನಡುವೆ ನಿಲ್ಲಿಸಬೇಡಿ, ಡಾಕ್ಟರ್ ಮತ್ತೆ ಟೇಪ್ ಹಾಕಿ ನೋಡಿ ಯೀಸ್ಟ್ ಕಡಿಮೆ ಆಗಿದೆ ಅನ್ನೋವರೆಗೆ ಮಾಡಿ. ಕಪ್ಪಾಗಿರೋ ಬಣ್ಣ ಮಾತ್ರ ಬೇಗ ಹೋಗಲ್ಲ, ಅದಕ್ಕೆ ತಿಂಗಳುಗಳೇ ಬೇಕು, ಔಷಧಿ ಹಿಡೀತಿಲ್ಲ ಅಂತ ಅದನ್ನ ನೋಡಿ ಅನ್ಕೋಬೇಡಿ. ವಾಸನೆ ಹೋಗಿದ್ಯಾ, ರಾತ್ರಿ ನೆಕ್ಕೋ ಸದ್ದು ಕಡಿಮೆ ಆಗಿದ್ಯಾ, ಅದನ್ನ ನೋಡಿ.

---

ಚಿನ್ನಿಮನೆ

ಸರಿ ಅಕ್ಕ, ಹಾಗೇ ಮಾಡ್ತೀನಿ. ತೂಕದ ವಿಷಯಕ್ಕೆ ಬೇರೆ ಪೋಸ್ಟ್ ಹಾಕ್ತೀನಿ, ಮನೇಲಿ ಇವಳಿಗೆ ಕದ್ದು ತಿನ್ನಿಸೋರು ಯಾರು ಅಂತ ಮೊದಲು ಪತ್ತೆ ಹಚ್ಚಬೇಕು.